ದಿನಕ್ಕೊಂದು ಮಿಲಿಮೀಟರ್: ಕುರ್ಗಾನ್‌ನ ಮೂಳೆ ಡಾಕ್ಟರ್

ಕೇಳುಗರಿಗೆಲ್ಲ ನಮಸ್ಕಾರ.

ದೊಡ್ಡ ಸರ್ಕಾರಿ ಆಸ್ಪತ್ರೆಯ ಮೂಳೆ ವಾರ್ಡಿಗೆ ಹೋದವರು ಇದನ್ನು ನೋಡಿಯೇ ಇರುತ್ತೀರಿ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಹುಡುಗ. ಮೊಣಕಾಲಿನ ಕೆಳಗೆ ಸುತ್ತಲೂ ಸ್ಟೀಲ್ ಬಳೆಗಳು, ಅವನ್ನು ಜೋಡಿಸುವ ಉದ್ದುದ್ದ ರಾಡುಗಳು, ಕಾಲಿನ ಒಂದು ಬದಿಯಲ್ಲಿ ಹೊಕ್ಕು ಇನ್ನೊಂದು ಬದಿಯಲ್ಲಿ ಹೊರಬಂದ ತೆಳ್ಳನೆ ತಂತಿಗಳು. ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ. ಅವನು ಮಾತ್ರ ಲುಂಗಿ ಉಟ್ಟು, ವಾಕರ್ ಹಿಡಿದು ಆರಾಮಾಗಿ ಓಡಾಡುತ್ತಿರುತ್ತಾನೆ. ಪ್ಯಾಂಟು ಏರೋದಿಲ್ಲ ಅಲ್ವಾ! 'ರಿಂಗ್ ಹಾಕಿದ್ದಾರೆ' ಅನ್ನುತ್ತಾರೆ ಮನೆಯವರು. ಡಾಕ್ಟರುಗಳು ಅದನ್ನೇ ಇಲಿಜರೋವ್ ಅನ್ನುತ್ತಾರೆ. ಆ ಹೆಸರಿನ ಮನುಷ್ಯನ ಬಗ್ಗೆ ಇವತ್ತು ನಾಲ್ಕು ಮಾತು.

ಗಾವ್ರಿಲ್ ಇಲಿಜರೋವ್ ಹುಟ್ಟಿದ್ದು 1921ರಲ್ಲಿ, ಪೋಲೆಂಡಿನಲ್ಲಿ. ಬೆಳೆದದ್ದು ಅಜರ್‌ಬೈಜಾನಿನ ಕುಸಾರ್ ಎಂಬ ಬೆಟ್ಟದೂರಿನಲ್ಲಿ. ಬಡ ಯಹೂದಿ ಮನೆ. ಅಪ್ಪ ಬೇಗ ತೀರಿಕೊಂಡರು, ಹುಡುಗ ಶಾಲೆ ಸೇರಿದ್ದೂ ತಡವಾಗಿ. ಕ್ರೈಮಿಯಾದ ಮೆಡಿಕಲ್ ಕಾಲೇಜಿಗೆ ಸೇರಿದರೆ ಯುದ್ಧ ಬಂತು. ಕಾಲೇಜೇ ಗಂಟುಮೂಟೆ ಕಟ್ಟಿಕೊಂಡು ಕಜಕಿಸ್ತಾನಕ್ಕೆ ಹೋಯಿತು. 1944ರಲ್ಲಿ ಓದು ಮುಗಿದ ಕೂಡಲೇ ಸೋವಿಯತ್ ಸರ್ಕಾರ ಅವರನ್ನು ಪಶ್ಚಿಮ ಸೈಬೀರಿಯಾಕ್ಕೆ ಕಳಿಸಿತು. ಕುರ್ಗಾನ್ ಪ್ರಾಂತ್ಯದ ದೊಲ್ಗೊವ್ಕಾ ಅನ್ನೋ ಹಳ್ಳಿ. ಯಾರಿಗೆ ಯಾವ ಕಾಯಿಲೆ ಬಂದರೂ ಅವರೇ ಡಾಕ್ಟರು.

ಯುದ್ಧ ಮುಗಿದ ಮೇಲೆ ಸೈನಿಕರು ಊರಿಗೆ ಮರಳಿದರು. ಎಷ್ಟೋ ಜನರ ಕೈಕಾಲಿನ ಮೂಳೆ ಕೂಡಿರಲಿಲ್ಲ, ಒಳಗೆ ಕೀವಾಗೋದು ನಿಂತಿರಲಿಲ್ಲ. ಆಗ ಇದ್ದ ಚಿಕಿತ್ಸೆ ಅಂದರೆ ಪ್ಲಾಸ್ಟರ್, ಇಲ್ಲವೇ ಕಾಲಿಗೆ ತೂಕ ಕಟ್ಟಿ ತಿಂಗಳುಗಟ್ಟಲೆ ಮಲಗಿಸೋದು. ಆಗದಿದ್ದರೆ ಕಾಲು ಕತ್ತರಿಸೋದು. ಮೂಳೆಯನ್ನು ಅಲುಗಾಡದಂತೆ ಹಿಡಿಯಬೇಕು, ಆದರೆ ಮನುಷ್ಯ ಎದ್ದು ಓಡಾಡಬೇಕು. ಎರಡೂ ಹೇಗೆ ಸಾಧ್ಯ? ಇಲಿಜರೋವ್ ತಲೆ ಕೆಡಿಸಿಕೊಂಡಿದ್ದು ಇದಕ್ಕೆ. 1950ರ ದಶಕದ ಶುರುವಿನಲ್ಲಿ ಉತ್ತರ ಸಿಕ್ಕಿತು. ಒಂದೂವರೆ ಮಿಲಿಮೀಟರಿನಷ್ಟು ತೆಳುವಾದ ತಂತಿಗಳನ್ನು ಮೂಳೆಯ ಮೂಲಕ ಅಡ್ಡಡ್ಡ ಹಾಯಿಸಿ, ಸೈಕಲ್ ಚಕ್ರದ ಕಡ್ಡಿಗಳಂತೆ ಬಳೆಗೆ ಬಿಗಿದರು. ತೆಳು ತಂತಿಯಾದರೂ ಎಳೆದು ಬಿಗಿದರೆ ಮೈಭಾರ ಹೊರುತ್ತದೆ. ರೋಗಿಯನ್ನು ಬೇಗನೆ ಎಬ್ಬಿಸಿ ನಡೆಸಬಹುದು.

ಮೊದಲಿಗೆ ಇದನ್ನು ಮುರಿದ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಲು ಬಳಸುತ್ತಿದ್ದರು. ಆಗಿನ ಒಂದು ಕಥೆ ಹೇಳುತ್ತಾರೆ. ಒತ್ತಲು ನಟ್ ತಿರುಗಿಸಪ್ಪಾ ಅಂದರೆ ಒಬ್ಬ ರೋಗಿ ಉಲ್ಟಾ ತಿರುಗಿಸಿಬಿಟ್ಟನಂತೆ. ಮೂಳೆಯ ತುದಿಗಳು ದೂರವಾದವು. ಎಕ್ಸ್‌ರೇ ನೋಡಿದರೆ ನಡುವಿನ ಖಾಲಿ ಜಾಗದಲ್ಲಿ ಹೊಸ ಮೂಳೆ! ಕಥೆ ಹೇಗಾದರೂ ಇರಲಿ, ಅದರ ಹಿಂದೆ ಬಿದ್ದು ವರ್ಷಗಟ್ಟಲೆ ನಾಯಿಗಳ ಮೇಲೆ ಪರೀಕ್ಷೆ ಮಾಡಿ ಲೆಕ್ಕ ಹಿಡಿದದ್ದು ಇಲಿಜರೋವ್ ದೊಡ್ಡತನ.

ಆ ಲೆಕ್ಕ ಹೀಗೆ. ಮೂಳೆಯ ಗಟ್ಟಿ ಹೊರಪದರವನ್ನು, ರಕ್ತ ಓಡಾಟ ಕೆಡದಂತೆ ಹುಷಾರಾಗಿ ಕತ್ತರಿಸಬೇಕು. ಐದರಿಂದ ಏಳು ದಿನ ಸುಮ್ನೆ ಬಿಡಬೇಕು. ಆಮೇಲೆ ದಿನಕ್ಕೆ ಒಂದು ಮಿಲಿಮೀಟರಿನಂತೆ ತುದಿಗಳನ್ನು ದೂರ ಸರಿಸಬೇಕು, ಅದನ್ನೂ ನಾಲ್ಕು ಕಂತಿನಲ್ಲಿ. ರಾಡಿನ ಥ್ರೆಡ್ ಎಷ್ಟು ಅಚ್ಚುಕಟ್ಟು ಅಂದರೆ ನಟ್ ಒಂದು ಸುತ್ತು ಪೂರ್ತಿ ತಿರುಗಿದರೆ ಒಂದು ಮಿಲಿಮೀಟರ್. ಕಾಲು ಸುತ್ತು ಬೆಳಿಗ್ಗೆ, ಕಾಲು ಸುತ್ತು ಮಧ್ಯಾಹ್ನ, ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ದಿನಕ್ಕೆ ಅರ್ಧ ಮಿಲಿಮೀಟರ್ ಸಾಕು ಅಂದುಕೊಂಡರೆ ಮೂಳೆ ಬೇಗ ಕೂಡಿ ಗಟ್ಟಿಯಾಗಿಬಿಡಬಹುದು. ಎರಡು ಎಳೆದರೆ ಮೂಳೆ ಸರಿಯಾಗಿ ಹುಟ್ಟೋದಿಲ್ಲ, ನರಕ್ಕೂ ಪೆಟ್ಟು. ಒಂದರಲ್ಲಿ ಮೂಳೆ, ಮಾಂಸ, ನರ, ರಕ್ತನಾಳ, ಚರ್ಮ ಎಲ್ಲವೂ ಒಟ್ಟಿಗೆ ಬೆಳೆಯುತ್ತವೆ. ಐದು ಸೆಂಟಿಮೀಟರ್ ಬೇಕಿದ್ದರೆ ಎಳೆಯೋದೇ ಐವತ್ತು ದಿನ. ಹೊಸ ಮೂಳೆ ಗಟ್ಟಿಯಾಗಲು ಅದಕ್ಕಿಂತಲೂ ಜಾಸ್ತಿ ದಿನ.

ಇಷ್ಟೆಲ್ಲ ಆದರೂ ಮಾಸ್ಕೋದ ದೊಡ್ಡ ಡಾಕ್ಟರುಗಳು ನಂಬಲಿಲ್ಲ. ಮೂಳೆ ಹಾಗೆಲ್ಲ ಬೆಳೆಯುವುದುಂಟೇ, ಇವನೊಬ್ಬ ಫಿಟ್ಟರ್ ಅಂತ ಹಂಗಿಸಿದರು. ಹಳ್ಳಿ ಕಡೆಯ ಡಾಕ್ಟರು ಹೇಳಿದ್ದನ್ನು ರಾಜಧಾನಿಯವರು ಕೇಳಿಸಿಕೊಳ್ಳೋದು ಯಾವ ದೇಶದಲ್ಲೂ ಅಪರೂಪವೇ ಬಿಡಿ. ಇಲಿಜರೋವ್ ಪರವಾಗಿ ವಾದ ಮಾಡಿದ್ದು ಅವರ ರೋಗಿಗಳ ಕಾಲುಗಳು.

ವಲೇರಿ ಬ್ರೂಮೆಲ್ ಹೆಸರು ಹಳೆಯ ಕ್ರೀಡಾಭಿಮಾನಿಗಳಿಗೆ ನೆನಪಿರಬಹುದು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹೈಜಂಪ್ ಚಿನ್ನ ಗೆದ್ದ ಸೋವಿಯತ್ ಆಟಗಾರ. 2.28 ಮೀಟರ್ ಹಾರಿ ವಿಶ್ವದಾಖಲೆ ಮಾಡಿದವರು. 1965ರಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಬಲಗಾಲು ನುಚ್ಚುನೂರಾಯಿತು. ಆಪರೇಷನ್ ಮೇಲೆ ಆಪರೇಷನ್ ಆದರೂ ಮೂಳೆ ಕೂಡಲಿಲ್ಲ, ಕಾಲು ಗಿಡ್ಡವಾಯಿತು. ಕೊನೆಗೆ 1968ರಲ್ಲಿ, ಇಲಿಜರೋವ್ ಇದ್ದ ಕುರ್ಗಾನ್ ನಗರಕ್ಕೆ ಬಂದರು. ಮೂಳೆ ಕೂಡಿತು, ಉದ್ದವೂ ಸರಿಹೋಯಿತು. ಮತ್ತೆ ಎರಡು ಮೀಟರಿಗಿಂತ ಎತ್ತರ ಹಾರಿದರು! 1968ರಲ್ಲೇ ಇಲಿಜರೋವ್ ರಷ್ಯಾದ ಪೆರ್ಮ್ ನಗರದಲ್ಲಿ ಪ್ರಬಂಧ ಮಂಡಿಸಿದರು. ಸಣ್ಣ ಪದವಿ ಕೇಳಲು ಹೋದವರಿಗೆ ನೇರವಾಗಿ ಡಾಕ್ಟರೇಟನ್ನೇ ಕೊಟ್ಟು ಕಳಿಸಿದರು. 1970ರಲ್ಲಿ ಸಂಗೀತಗಾರ ಶೊಸ್ತಕೋವಿಚ್ ಕೂಡ ಸೋತ ಕೈಯ ಚಿಕಿತ್ಸೆಗೆ ಅಲ್ಲಿಗೇ ಹೋದರು.

ಪಶ್ಚಿಮ ದೇಶಗಳಿಗೆ ಈ ಸುದ್ದಿ ತಲುಪಲು ಇನ್ನೂ ಹತ್ತು ವರ್ಷ ಬೇಕಾಯಿತು. ತಲುಪಿಸಿದವರು ಇಟಲಿಯ ಪರ್ವತಾರೋಹಿ ಕಾರ್ಲೋ ಮೌರಿ. ಹಳೆಯ ಗಾಯದಿಂದ ಕುಂಟುತ್ತಿದ್ದ ಅವರಿಗೆ ಕುರ್ಗಾನ್ ದಾರಿ ತೋರಿಸಿದ್ದು, ಸಮುದ್ರಯಾನವೊಂದರಲ್ಲಿ ಜೊತೆಗಿದ್ದ ಸೋವಿಯತ್ ಡಾಕ್ಟರು ಯೂರಿ ಸೆಂಕೆವಿಚ್. 1980ರಲ್ಲಿ ಹೋದ ಮೌರಿ ನೆಟ್ಟಗೆ ನಡೆದು ಬಂದಾಗ ಇಟಲಿಯ ಡಾಕ್ಟರುಗಳಿಗೆ ಕಣ್ಣನ್ನೇ ನಂಬಲಾಗಲಿಲ್ಲ. ಮರುವರ್ಷವೇ ಬೆಲ್ಲಾಜಿಯೊ ಎಂಬ ಊರಿನ ಸಮ್ಮೇಳನಕ್ಕೆ ಇಲಿಜರೋವ್ ಅವರನ್ನು ಕರೆಸಿದರು. ಭಾಷಣ ಮುಗಿದಾಗ ಸಭೆ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಆಗ ಅವರಿಗೆ ಅರವತ್ತು ವರ್ಷ. ಆಮೇಲೆ ಅಮೆರಿಕ, ಕೆನಡಾ, ಎಲ್ಲ ಕಡೆಯ ಡಾಕ್ಟರುಗಳು ಕುರ್ಗಾನ್‌ಗೆ ಹೋಗಿ ಕಲಿತರು. 1992ರಲ್ಲಿ ಅವರು ಅಲ್ಲೇ ತೀರಿಕೊಂಡರು. ಅಲ್ಲಿನ ಆಸ್ಪತ್ರೆ ಈಗ ಅವರ ಹೆಸರಿನಲ್ಲೇ ನಡೆಯುತ್ತಿದೆ.

ಈಗ ಮೂಳೆಯ ಒಳಗೇ ಕೂತು, ಹೊರಗಿನ ಅಯಸ್ಕಾಂತಕ್ಕೆ ಉದ್ದವಾಗುವ ರಾಡುಗಳು ಬಂದಿವೆ. ಬೆಲೆ ಮಾತ್ರ ವಿಪರೀತ. ಇನ್ನು ಕೆಲವರು ಬರೀ ಎತ್ತರ ಹೆಚ್ಚಿಸಿಕೊಳ್ಳಲು ಚೆನ್ನಾಗಿರುವ ಕಾಲಿನ ಮೂಳೆಯನ್ನೇ ಕತ್ತರಿಸಿ ಎಳೆಸಿಕೊಳ್ಳುತ್ತಿದ್ದಾರೆ. ಕಾಲು ಉಳಿಸಲು ಹುಟ್ಟಿದ ವಿದ್ಯೆಯನ್ನು ಹೀಗೆ ಬಳಸೋದು ನನಗಂತೂ ಹಿಡಿಸೋದಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ರಿಂಗ್ ಹಾಕಿದ್ದರೆ ಒಂದು ಮಾತು. ನೋವು ಇರುತ್ತದೆ, ರಾತ್ರಿ ನಿದ್ದೆ ಸರಿ ಬರೋದಿಲ್ಲ, ರೇಗಾಡುತ್ತಾರೆ. ಸ್ವಲ್ಪ ಸಹಿಸಿಕೊಳ್ಳಿ. ತಂತಿ ಹೊಕ್ಕ ಜಾಗವನ್ನು ಡಾಕ್ಟರು ಹೇಳಿದಂತೆ ದಿನಾ ಶುಚಿ ಮಾಡಿ. ಕೆಂಪಾದರೆ, ಕೀವು ಬಂದರೆ ಮುಂದಿನ ತಾರೀಖಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೇಗ ಮುಗಿಯಲಿ ಅಂತ ನಟ್ಟನ್ನು ಒಂದು ಸುತ್ತು ಜಾಸ್ತಿ ಮಾತ್ರ ತಿರುಗಿಸಬೇಡಿ.

ನಮಸ್ಕಾರ.