ಎಸ್‌ಎಂಪಿಎಸ್ ಆರಿಸುವಾಗ ಮೊದಲು ಮನೆಯ ಪ್ಲಗ್ ಪಾಯಿಂಟ್ ನೋಡಿ

ಎಲ್ಲರಿಗೂ ನಮಸ್ಕಾರ. ಮಂಡ್ಯದವರು, ಮದ್ದೂರು, ಪಾಂಡವಪುರದ ಹಳ್ಳಿಗಳಿಂದ ಬಂದವರು, ಮೈಸೂರಿಂದ ಬಸ್ ಹತ್ತಿ ಬಂದವರು ಎಲ್ಲಾ ಇದ್ದೀರಿ, ತುಂಬಾ ಖುಷಿಯಾಯಿತು. ನಿಮ್ಮಲ್ಲಿ ಹೆಚ್ಚಿನವರು ಮನೆಯಲ್ಲೇ ಕಂಪ್ಯೂಟರ್ ಜೋಡಿಸಬೇಕು ಅಂತ ಹೊರಟವರು. ಪ್ರೊಸೆಸರ್ ಯಾವುದು, ಗ್ರಾಫಿಕ್ ಕಾರ್ಡ್ ಯಾವುದು ಅಂತ ತಿಂಗಳುಗಟ್ಟಲೆ ವಿಡಿಯೋ ನೋಡಿರುತ್ತೀರಿ. ಎಲ್ಲಾ ಆದ ಮೇಲೆ ಕೊನೆಗೆ ಉಳಿದ ದುಡ್ಡಿಗೆ ಒಂದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬ. ಕ್ಯಾಬಿನೆಟ್ ಜೊತೆ ಬಂದದ್ದೇ ಸಾಕು ಅನ್ನುವವರೂ ಇದ್ದಾರೆ.

ಈ ಕ್ರಮವನ್ನು ತಿರುಗಿಸಿ ಅಂತ ಕೇಳಿಕೊಳ್ಳುವುದಕ್ಕೇ ನಾನು ಬಂದಿದ್ದೇನೆ. ಕಂಪ್ಯೂಟರ್‌ನ ಅಷ್ಟೂ ಭಾಗಗಳಲ್ಲಿ ಗೋಡೆಯಿಂದ ಬರುವ ಕರೆಂಟನ್ನು ನೇರವಾಗಿ ಎದುರಿಸುವುದು ಎಸ್‌ಎಂಪಿಎಸ್ ಒಂದೇ. ಹಾಗಾಗಿ ಮೊದಲು ನಿಮ್ಮ ಮನೆಯ ಕರೆಂಟ್ ಹೇಗಿದೆ ನೋಡಿ, ಆಮೇಲೆ ಕಾರ್ಡಿನ ಲೆಕ್ಕಕ್ಕೆ ಬನ್ನಿ.

ನಮ್ಮಲ್ಲಿ ಬರಬೇಕಾದದ್ದು 230 ವೋಲ್ಟ್. ಹಳ್ಳಿ ಕಡೆ ಗದ್ದೆಗೆ ತ್ರೀ ಫೇಸ್ ಕೊಟ್ಟ ಕೂಡಲೇ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ಮನೆಯ ಫ್ಯಾನ್ ನಿಧಾನ ಆಗುತ್ತದೆ, ಬಲ್ಬ್ ಮಂಕಾಗುತ್ತದೆ, ಇದನ್ನು ನೋಡದವರು ಇಲ್ಲಿ ಯಾರೂ ಇಲ್ಲ ಅಲ್ವಾ? ಇಂಥ ಕಡೆ ನೀವು ಕೊಳ್ಳುವ ಎಸ್‌ಎಂಪಿಎಸ್ ಮೇಲೆ ಇನ್‌ಪುಟ್ 100–240 ವೋಲ್ಟ್ ಅಂತ ಇರಬೇಕು. ಅದನ್ನು ಫುಲ್ ರೇಂಜ್ ಅನ್ನುತ್ತಾರೆ, ಆಕ್ಟಿವ್ ಪಿಎಫ್‌ಸಿ, ಅಂದರೆ ಗೋಡೆಯಿಂದ ಕರೆಂಟನ್ನು ಒಂದೇ ಹದದಲ್ಲಿ ಎಳೆಯುವ ಸರ್ಕ್ಯೂಟ್, ಇರುವ ಬಹುತೇಕ ಮಾಡೆಲ್‌ಗಳಲ್ಲಿ ಇದು ಸಿಗುತ್ತದೆ. ವೋಲ್ಟೇಜ್ 170ಕ್ಕೆ ಇಳಿದರೂ ಅದು ಗೋಡೆಯಿಂದ ಸ್ವಲ್ಪ ಜಾಸ್ತಿ ಆಂಪಿಯರ್ ಎಳೆದುಕೊಂಡು ಒಳಗೆ 12 ವೋಲ್ಟನ್ನು ಸರಿಯಾಗೇ ಕೊಡುತ್ತದೆ, ಅದಕ್ಕಾಗಿ ಬೇರೆ ಸ್ಟೆಬಿಲೈಸರ್ ಬೇಕಾಗುವುದಿಲ್ಲ. 200–240 ಅಂತ ಮಾತ್ರ ಬರೆದಿರುವುದು ಹಳ್ಳಿ ಮನೆಗೆ ಬೇಡ.

ಕಡಿಮೆ ವೋಲ್ಟೇಜಿಗಿಂತ ಭಯಪಡಬೇಕಾದದ್ದು ಜಾಸ್ತಿ ವೋಲ್ಟೇಜಿಗೆ. ಕಂಬದಲ್ಲಿ ನ್ಯೂಟ್ರಲ್ ತುಂಡಾದರೆ ಸಿಂಗಲ್ ಫೇಸ್ ಮನೆಗೆ 400 ವೋಲ್ಟ್ ಹತ್ತಿರ ನುಗ್ಗಬಹುದು, ಅದನ್ನು ತಡೆಯುವ ಎಸ್‌ಎಂಪಿಎಸ್ ಇಲ್ಲ ಅಂತಲೇ ತಿಳಿಯಿರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲೂ ಅಷ್ಟೇ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ, ಜೊತೆಗೆ ನೆಟ್ ಕೇಬಲ್ ಕೂಡ.

ಈಗ ಅರ್ಥಿಂಗ್. ಇದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತೇನೆ, ದಯವಿಟ್ಟು ಗಮನ ಕೊಡಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅನ್ನುತ್ತದೆ, ಟೆಸ್ಟರ್ ಇಟ್ಟರೆ ಉರಿಯುತ್ತದೆ, ಎಸ್‌ಎಂಪಿಎಸ್ ಕೆಟ್ಟಿದೆಯಾ ಅಂತ ಎಷ್ಟೋ ಜನ ಕೇಳುತ್ತಾರೆ. ಬಹಳಷ್ಟು ಸಲ ಎಸ್‌ಎಂಪಿಎಸ್ ಸರಿಯಾಗೇ ಇರುತ್ತದೆ. ಅದರ ಒಳಗೆ ಕರೆಂಟ್ ಬರುವ ಜಾಗದಲ್ಲೇ ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ, ಒಂದು ಫೇಸಿನಿಂದ ಕ್ಯಾಬಿನೆಟ್‌ಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ. ಎಲೆಕ್ಟ್ರಿಕಲ್ ಗದ್ದಲವನ್ನು ಭೂಮಿಗೆ ಕಳಿಸುವುದು ಇವುಗಳ ಕೆಲಸ. ಭೂಮಿಯ ದಾರಿಯೇ ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ಕೂತುಬಿಡುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಜುಮ್ ಅನ್ನುವುದು. ಆದರೆ ನಾಳೆ ಒಳಗೆ ನಿಜವಾಗಿ ಫೇಸ್ ವೈರ್ ಕ್ಯಾಬಿನೆಟ್‌ಗೆ ತಗುಲಿದರೆ ನಿಮ್ಮನ್ನು ಕಾಪಾಡುವುದಕ್ಕೆ ಇದ್ದದ್ದೇ ಆ ಅರ್ಥ್ ವೈರ್.

ಮೈಸೂರಿನ ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಹಿಂದೆ ಎರಡೇ ವೈರ್. ಎಲೆಕ್ಟ್ರಿಷಿಯನ್ ಕರೆಸಿ, ಮೀಟರ್ ಹಿಡಿದು ನೋಡಲಿ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಹೆಚ್ಚೆಂದರೆ ಕೆಲವೇ ವೋಲ್ಟ್. ಇದ್ದಿಲು, ಉಪ್ಪು ಹಾಕಿದ ಹಳೆಯ ಅರ್ಥ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ಒಣಗುತ್ತದೆ, ನೀರು ಹಾಕಬೇಕು. ಎಸ್‌ಎಂಪಿಎಸ್ ಮೇಲಿನ ಗೋಲ್ಡ್, ಪ್ಲಾಟಿನಂ ಗುರುತು ನೋಡಿ ಖರ್ಚು ಮಾಡುವ ಮೊದಲು ಈ ಕೆಲಸ ಮಾಡಿಸಿ ಅಂತ ಕೈ ಮುಗಿದು ಕೇಳುತ್ತೇನೆ.

ಇನ್ನು ಲೇಬಲ್. ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತ ಬರೆದಿರುವುದನ್ನು ನೋಡಿ ಮೋಸ ಹೋಗಬೇಡಿ. ಡಬ್ಬದ ಪಕ್ಕದಲ್ಲಿ ಒಂದು ಕೋಷ್ಟಕ ಇರುತ್ತದೆ, ಅದರಲ್ಲಿ +12 ವೋಲ್ಟ್ ಎದುರು ಎಷ್ಟು ಆಂಪಿಯರ್ ಅಂತ ಹುಡುಕಿ, 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ 192 ವ್ಯಾಟ್, ಅಷ್ಟೇ. ಉಳಿದ ವ್ಯಾಟ್ ಎಲ್ಲಾ 5 ಮತ್ತು 3.3 ವೋಲ್ಟಿನ ಲೆಕ್ಕ ಸೇರಿಸಿ ತೋರಿಸಿದ್ದು. ಹಿಂದೆ ಪ್ರೊಸೆಸರ್‌ಗಳು 5 ವೋಲ್ಟಿನಿಂದ ಕರೆಂಟ್ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಅದಕ್ಕೆ ಬೆಲೆ ಇತ್ತು. 2000ದಲ್ಲಿ ಪೆಂಟಿಯಂ 4 ಬಂದಾಗಿನಿಂದ ಪ್ರೊಸೆಸರ್‌ಗೆ ಅಂತಲೇ ಬೇರೆ 12 ವೋಲ್ಟ್ ಕನೆಕ್ಟರ್ ಬಂತು, ಈಗ ಪ್ರೊಸೆಸರ್, ಗ್ರಾಫಿಕ್ ಕಾರ್ಡ್ ಎರಡೂ ತಿನ್ನುವುದು ಹೆಚ್ಚುಕಡಿಮೆ 12 ವೋಲ್ಟನ್ನೇ. ಒಳ್ಳೆಯ 550 ವ್ಯಾಟಿನ ಲೇಬಲ್ ಮೇಲೆ 12 ವೋಲ್ಟಿಗೆ 45 ಆಂಪಿಯರ್ ಇರುತ್ತದೆ, ಅಂದರೆ 540 ವ್ಯಾಟ್. ಈ ಒಂದು ಗುಣಾಕಾರ ಸಾಕು, ಅಂಗಡಿಯವರು ಏನೇ ಹೇಳಲಿ, ಮೈಸೂರಿನ ಅಂಗಡಿ ಆಗಲಿ ಬೆಂಗಳೂರಿನ ಎಸ್‌ಪಿ ರೋಡ್ ಆಗಲಿ, ನಿಜ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ನಿಮಗೆ ಎಷ್ಟು ಬೇಕು? ಕೋರ್ ಐ5 12400 ಪ್ರೊಸೆಸರ್ ಜೋರಾಗಿ ಓಡಿದರೆ 117 ವ್ಯಾಟ್, ಆರ್‌ಟಿಎಕ್ಸ್ 4060 ಗ್ರಾಫಿಕ್ ಕಾರ್ಡಿಗೆ 115, ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಾ ಸೇರಿ 60 ಅಂತ ಇಟ್ಟುಕೊಳ್ಳಿ. ಒಟ್ಟು 290ರ ಆಸುಪಾಸು. ಆದರೂ ಎನ್‌ವಿಡಿಯಾದವರು ಈ ಕಾರ್ಡಿಗೆ 550 ವ್ಯಾಟಿನ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಬೇಕು ಅಂತ ಹೇಳುತ್ತಾರೆ. ಸುಮ್ನೆ ಹೇಳಿದ್ದಲ್ಲ. ಯಾರ ಮನೆಯಲ್ಲಿ ಎಂಥ ಸಪ್ಲೈ ಇದೆ ಅಂತ ಅವರಿಗೆ ಗೊತ್ತಿರುವುದಿಲ್ಲ, ಜೊತೆಗೆ ಗ್ರಾಫಿಕ್ ಕಾರ್ಡ್‌ಗಳು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ತಮ್ಮ ಅಳತೆ ಮೀರಿ ಎಳೆಯುತ್ತವೆ. ಎಸ್‌ಎಂಪಿಎಸ್ ತಯಾರಿಕೆಗಿರುವ 2022ರ ಎಟಿಎಕ್ಸ್ 3.0 ನಿಯಮದಲ್ಲಿ, ದೊಡ್ಡ ಕಾರ್ಡುಗಳ 16 ಪಿನ್ ಕನೆಕ್ಟರ್ ಇರುವ ಸಪ್ಲೈ ತನ್ನ ಶಕ್ತಿಯ ಎರಡು ಪಟ್ಟನ್ನು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ತಡೆದುಕೊಳ್ಳಬೇಕು ಅಂತ ಸೇರಿಸಿದ್ದು ಇದಕ್ಕೇ. 4060ರಂಥ ಕಾರ್ಡಿಗೆ ಒಳ್ಳೆಯ 550 ಧಾರಾಳ. 850 ಕೊಳ್ಳುವ ದುಡ್ಡಿದ್ದರೆ ಅದನ್ನು 550ರಲ್ಲೇ ಉತ್ತಮ ಮಾಡೆಲ್‌ಗೆ ಹಾಕಿ. ಐದು ವರ್ಷ ಅಥವಾ ಹೆಚ್ಚು ವಾರಂಟಿ, 105 ಡಿಗ್ರಿ ಬಿಸಿ ತಡೆಯುವ ಕೆಪಾಸಿಟರ್, ಪೂರ್ತಿ ವ್ಯಾಟನ್ನು 40 ಡಿಗ್ರಿಯಲ್ಲಾದರೂ ಕೊಡುತ್ತೇನೆ ಅನ್ನುವ ಮಾತು, ಇವು ನಮ್ಮ ಬೇಸಿಗೆಗೆ ಬೇಕು.

80 ಪ್ಲಸ್ ಅನ್ನುವುದು ದಕ್ಷತೆಯ ಗುರುತು, ಅಂದರೆ ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಕಂಪ್ಯೂಟರ್‌ಗೆ ಸಿಗುತ್ತದೆ ಅನ್ನುವುದು. ಅದರಲ್ಲಿ ಬ್ರಾಂಜಾ, ಗೋಲ್ಡಾ? ಲೆಕ್ಕ ಹಾಕೋಣ. ದಿನಕ್ಕೆ ನಾಲ್ಕು ಗಂಟೆ, 300 ವ್ಯಾಟ್ ಕೆಲಸ. ದಕ್ಷತೆ ನೂರಕ್ಕೆ 85 ಇದ್ದರೆ ಗೋಡೆಯಿಂದ 353 ವ್ಯಾಟ್ ಹೋಗುತ್ತದೆ, 90 ಇದ್ದರೆ 333. ವರ್ಷಕ್ಕೆ ಉಳಿಯುವುದು 29 ಯೂನಿಟ್, ಯೂನಿಟ್‌ಗೆ 6 ರೂಪಾಯಿ ಇಟ್ಟರೂ 175 ರೂಪಾಯಿ ದಾಟುವುದಿಲ್ಲ. ಬಿಲ್ ಉಳಿಸುವುದಕ್ಕೆ ಗೋಲ್ಡ್ ಕೊಳ್ಳಬೇಡಿ. ಇನ್ನೊಂದು, ಈ ಗುರುತು ಹೇಳುವುದು ದಕ್ಷತೆಯನ್ನು ಮಾತ್ರ. ಶಾರ್ಟ್ ಆದಾಗ, ವೋಲ್ಟೇಜ್ ಮೀರಿದಾಗ, ಬಿಸಿ ಏರಿದಾಗ ತಾನೇ ಆಫ್ ಆಗುತ್ತದಾ ಅನ್ನುವುದನ್ನು ಬೇರೆಯಾಗಿ ನೋಡಬೇಕು.

ಕರೆಂಟ್ ಹೋದಾಗ ಏನು? ಒಳ್ಳೆಯ ಎಸ್‌ಎಂಪಿಎಸ್ ತನ್ನ 80 ಶೇಕಡಾ ಲೋಡಿನಲ್ಲಿ 17 ಮಿಲಿಸೆಕೆಂಡ್ ಉಸಿರು ಹಿಡಿದುಕೊಂಡಿರಬೇಕು ಅಂತ ನಿಯಮ. ಇನ್ವರ್ಟರ್ ಅಷ್ಟರೊಳಗೆ ಬಂದರೆ ಕಂಪ್ಯೂಟರ್ ಆರುವುದಿಲ್ಲ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಲೈನ್ ಕರೆಂಟಿನ ಹಾಗೆ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ಆದರೆ ಒಳ್ಳೆಯದು, ಸ್ಕ್ವೇರ್ ವೇವ್ ಕೊಡುವುದರ ಜೊತೆ ಆಕ್ಟಿವ್ ಪಿಎಫ್‌ಸಿ ಸಪ್ಲೈಗಳು ಕೆಲವು ಸಲ ಹಟ ಮಾಡಿ ಆಫ್ ಆಗುತ್ತವೆ. ಚಿಕ್ಕ 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್, ಮಾನಿಟರ್ ಸೇರಿಸಿ ಲೆಕ್ಕ ಹಾಕಿ.

ಮಾಡ್ಯುಲರ್, ಅಂದರೆ ಕೇಬಲ್ ಬಿಚ್ಚಿ ಹಾಕಬಹುದಾದ ಎಸ್‌ಎಂಪಿಎಸ್, ಕೊಂಡವರಿಗೆ ಒಂದು ಮಾತು. ಹಳೆಯ ಎಸ್‌ಎಂಪಿಎಸ್ ಕೇಬಲ್ಲನ್ನು ಹೊಸದಕ್ಕೆ ಚುಚ್ಚಲೇಬೇಡಿ. ಬೋರ್ಡ್ ಕಡೆಯ ತುದಿ ಎಲ್ಲರದೂ ಒಂದೇ, ಸಪ್ಲೈ ಕಡೆಯ ತುದಿಗೆ ನಿಯಮವೇ ಇಲ್ಲ. ಕಂಪನಿ ಬೇರೆಯಾದರೆ ಪಿನ್ ಬೇರೆ, ಒಂದೇ ಕಂಪನಿಯ ಎರಡು ಮಾಡೆಲ್‌ನಲ್ಲೂ ಬೇರೆ ಇರಬಹುದು. ಆಕಾರ ಹೊಂದುತ್ತದೆ, ಸ್ವಿಚ್ ಹಾಕಿದ ಕ್ಷಣ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಸುಟ್ಟು ಹೋಗುತ್ತವೆ, ಅದರೊಳಗಿನ ಫೋಟೋ, ಪ್ರಾಜೆಕ್ಟ್ ಎಲ್ಲಾ ಹೋದ ಹಾಗೆ.

ಮನೆಯ ಎಸ್‌ಎಂಪಿಎಸ್ ಲೇಬಲ್ ಫೋಟೋ ಮೊಬೈಲ್‌ನಲ್ಲಿ ಇರುವವರು ಮುಂದೆ ಬನ್ನಿ, ನಿಮ್ಮ ಕಾರ್ಡಿಗೆ ಅದು ಸಾಕಾ ಅಂತ ಈಗಲೇ ಕೂತು ಲೆಕ್ಕ ಹಾಕೋಣ.