ಅಳತೆ ಟೇಪಿನ ಕೊಕ್ಕೆ ಲೂಸ್ ಯಾಕೆ? ಸುತ್ತಿಗೆ ಎತ್ತುವ ಮುಂಚೆ ಇದನ್ನು ನೋಡಿ

[ಟೇಪಿನ ತುದಿಯನ್ನು ಬೆರಳಿನಿಂದ ಅಲ್ಲಾಡಿಸುತ್ತಾ]

ಕೇಳಿಸಿತಾ? ಟಕ್, ಟಕ್. ವೀಕ್ಷಕರೊಬ್ಬರು ಕೇಳಿದ್ದರು: "ಹೊಸ ಟೇಪ್ ತಂದೆ, ಕೊಕ್ಕೆ ಲೂಸ್ ಇತ್ತು. ಕೊಕ್ಕೆ ಹಿಡಿದಿರುವ ರಿವೆಟ್ ಮೇಲೆ ಸುತ್ತಿಗೆಯಿಂದ ಎರಡು ಕೊಟ್ಟು ಟೈಟ್ ಮಾಡಿದೆ. ಸರಿ ತಾನೇ?"

ಅಯ್ಯೋ ಸ್ವಾಮಿ! ಆ ಟೇಪಿನಲ್ಲಿ ಬುದ್ಧಿ ಇದ್ದದ್ದೇ ಅಲ್ಲಿ.

ಕೊಕ್ಕೆಗೂ ಒಂದು ದಪ್ಪ ಇದೆ. 1 ಮಿಲಿಮೀಟರ್ ಅಂದುಕೊಳ್ಳಿ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದರೆ ಆ ದಪ್ಪ ಹಲಗೆಯಿಂದ ಆಚೆ ಇರುತ್ತದೆ. ಲೆಕ್ಕಕ್ಕೆ ಸೇರಬಾರದು. ಬೀರುವಿನ ಒಳಗೆ ಅಳೆಯುವಾಗ ಟೇಪನ್ನು ಗೋಡೆಗೆ ಒತ್ತುತ್ತೀರಿ. ಈಗ ದಪ್ಪ ಅಳತೆಯ ಒಳಗೇ ಇದೆ, ಸೇರಲೇಬೇಕು. ಒಂದು ಟೇಪಿಗೆ ಎರಡು ಸೊನ್ನೆ!

[ಕ್ಲೋಸಪ್: ರಿವೆಟ್]

ತೂತು ನೋಡಿ. ದುಂಡಗಿಲ್ಲ, ಉದ್ದುದ್ದ ಇದೆ. ಕೊಕ್ಕೆ ತನ್ನ ದಪ್ಪದಷ್ಟೇ ಜರುಗುತ್ತದೆ. ಎಳೆದರೆ ಆಚೆ, ಒತ್ತಿದರೆ ಈಚೆ. ಅಂಗಡಿಯಲ್ಲಿ ಎಣ್ಣೆ ತೂಗುವಾಗ ಖಾಲಿ ಡಬ್ಬಿಯ ತೂಕ ಕಳೆಯುತ್ತಾರಲ್ಲ, ಹಾಗೆ. ಒಂದೇ ವ್ಯತ್ಯಾಸ: ಇಲ್ಲಿ ಡಬ್ಬಿಯೇ ತನ್ನ ತೂಕ ಕಳೆದುಕೊಂಡು ಬರುತ್ತದೆ. ಬ್ಯಾಟರಿ ಇಲ್ಲ, ಚಿಪ್ ಇಲ್ಲ. ನನಗಂತೂ ಲೇಸರ್ ಮೀಟರಿಗಿಂತ ಇದೇ ಜಾಸ್ತಿ ಇಷ್ಟ.

ಆದರೆ ಟೇಪ್ ಒಮ್ಮೆ ನೆಲಕ್ಕೆ ಬಿದ್ದು ಕೊಕ್ಕೆ ಬಗ್ಗಿದರೆ ಸೊನ್ನೆ ಹೋಯಿತು. ಆಗ 10 ಸೆಂಟಿಮೀಟರ್ ಗೆರೆಯಿಂದ ಅಳತೆ ಶುರು ಮಾಡಿ, ಕೊನೆಗೆ 10 ಕಳೆಯಿರಿ. ಆ 10ನ್ನು ಮಾತ್ರ ಮರೆಯಬೇಡಿ. 45ರ ಹಲಗೆ ಬೇಕಿತ್ತು. ನಾನು 55ರಲ್ಲಿ ಗುರುತು ಹಾಕುವ ಬದಲು 45ರಲ್ಲೇ ಹಾಕಿ ಕೊಯ್ದೆ. 35ರ ಹಲಗೆ ಈಗಲೂ ಗೋಡೆಗೆ ಒರಗಿದೆ, ದಿನಾ ನನ್ನನ್ನೇ ನೋಡುತ್ತದೆ.

ಸ್ಟೀಲ್ ಸ್ಕೇಲಿಗೂ ಇದೇ ಕಾಯಿಲೆ. ಅದರ ಸೊನ್ನೆ ಅಂಚಿನಲ್ಲೇ ಇರುವುದು, ಅಂಚು ಸವೆದರೆ ಸೊನ್ನೆಯೂ ಸವೆಯಿತು. ಔಷಧಿಯೂ ಅದೇ. ಜೊತೆಗೆ ಸ್ಕೇಲನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಗೆರೆ ವಸ್ತುವಿಗೆ ತಾಗಿದರೆ, ಓರೆಯಾಗಿ ನೋಡಿದರೂ ಲೆಕ್ಕ ತಪ್ಪುವುದಿಲ್ಲ.

ಟೈಮ್ ಮುಗಿಯುತ್ತಿದೆ, ವರ್ನಿಯರ್ ಬೇಗ ಮುಗಿಸುತ್ತೇನೆ. ಎರಡು ದವಡೆಯ ನಡುವೆ ವಸ್ತು ಹಿಡಿದು ಅಳೆಯುವ ಸಾಧನ. ಪಿಯುಸಿ ಲ್ಯಾಬಲ್ಲಿ ಹಿಡಿದಿದ್ದೀರಿ, ಅಲ್ವಾ? ಪಿಯೆರ್ ವರ್ನಿಯರ್ 1631ರಲ್ಲಿ ಪ್ರಕಟಿಸಿದ ಉಪಾಯ. ವರ್ಕ್‌ಶಾಪಿನ ವರ್ನಿಯರಿನಲ್ಲಿ ಸಾಮಾನ್ಯವಾಗಿ ಜಾರುವ ಪಟ್ಟಿಯ ಮೇಲೆ 49 ಮಿಲಿಮೀಟರನ್ನು 50 ಮನೆ ಮಾಡಿರುತ್ತಾರೆ. ಒಂದು ಮಿಲಿಮೀಟರಿಗಿಂತ ಪ್ರತಿ ಮನೆಯೂ 0.02 ಮಿಲಿಮೀಟರ್ ಕಡಿಮೆ. ಆ ಚೂರನ್ನೇ ಹಿಡಿದು ಅಳೆಯುವುದು. ವರ್ನಿಯರಿನ ದವಡೆ ಒರೆಸಿ, ಪೂರ್ತಿ ಮುಚ್ಚಿ, ಬೆಳಕಿಗೆ ಹಿಡಿಯಿರಿ. ಬೆಳಕು ತೂರಿದರೆ ಇದರ ಸೊನ್ನೆಯೂ ಸುಳ್ಳು. ಸ್ಕ್ರೂ ತಿರುಗಿಸಿ ಅಳೆಯುವ ಮೈಕ್ರೋಮೀಟರಿನಲ್ಲಿ 0.01 ಸಿಗುತ್ತದೆ, ತಿರುಗಿಸಲು ಹಿಂದಿನ ರಾಚೆಟ್ ಹಿಡಿಯಿರಿ, ಅಂದರೆ ಒತ್ತಡ ಸಾಕಾದಾಗ ಟಕಟಕ ಜಾರುವ ಪುಟ್ಟ ಹಿಡಿ. ಲೇತಿನಿಂದ ಬಿಸಿಬಿಸಿ ಇಳಿದದ್ದನ್ನು ಅಳೆಯಬೇಡಿ. 100 ಮಿಲಿಮೀಟರಿನ ಸ್ಟೀಲ್ 50 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಸುಮಾರು 0.06 ಉದ್ದವಾಗಿರುತ್ತದೆ, ವರ್ನಿಯರಿನಲ್ಲಿ ಮೂರು ಗೆರೆ!

ಸರಿ, ಸುತ್ತಿಗೆ ಸ್ವಾಮಿಗಳಿಗೆ ಉತ್ತರ. ಕೊಕ್ಕೆ ಪೂರ್ತಿ ಆಚೆ ಅಂಟಿದ್ದರೆ, ಆ ಟೇಪಲ್ಲಿ ಎಳೆದು ಮಾತ್ರ ಅಳೆಯಿರಿ. ಪೂರ್ತಿ ಈಚೆ ಅಂಟಿದ್ದರೆ, ಒತ್ತಿ ಮಾತ್ರ. ನಡುವೆ ಎಲ್ಲೋ ಸಿಕ್ಕಿಕೊಂಡಿದ್ದರೆ ಮಕ್ಕಳ ಎತ್ತರ ಅಳೆಯಲು ಇಟ್ಟುಕೊಳ್ಳಿ, ಅವರೇನೂ ತಕರಾರು ಮಾಡುವುದಿಲ್ಲ.