ಎಳೆಬಿಸಿಲಿನ ನಂಬಿಕೆ, ಅರವತ್ತು ಸಾವಿರದ ಮಾತ್ರೆ

ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವವರನ್ನು ಮಾತಾಡಿಸಿ ನೋಡಿ. ‘ನಡಿಗೆಯೂ ಆಯಿತು, ವಿಟಮಿನ್ ಡಿಯೂ ಸಿಕ್ಕಿತು’ ಎನ್ನುವವರು ಬಹಳ ಮಂದಿ ಸಿಗುತ್ತಾರೆ. ನಡಿಗೆ ಆಯಿತು, ನಿಜ. ವಿಟಮಿನ್ ಡಿ ಸಿಗಲಿಲ್ಲ.

ಎಳೆಬಿಸಿಲು ಎಂಬ ಮಾತನ್ನೇ ನಾವು ಅಕ್ಕರೆಯಿಂದ ಆಡುತ್ತೇವೆ. ಆದರೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವುದು ಬಿಸಿಲಿನ ಕಾವಲ್ಲ, ಕಣ್ಣಿಗೆ ಕಾಣುವ ಬೆಳಕೂ ಅಲ್ಲ. ಯುವಿ-ಬಿ ಎಂಬ ಕಿರಣ. ಸೂರ್ಯ ಕೆಳಗಿರುವಾಗ ಅದು ಓರೆಯಾಗಿ, ಬಹಳ ದೂರ ಗಾಳಿಯನ್ನು ಹಾದು ಬರಬೇಕು. ಬಹುಪಾಲನ್ನು ಓಝೋನ್ ಪದರವೇ ಹೀರಿಕೊಳ್ಳುತ್ತದೆ. ನಿಮ್ಮ ನೆರಳು ನಿಮಗಿಂತ ಉದ್ದವಿದ್ದರೆ ಆ ಬಿಸಿಲಿನಿಂದ ಡಿ ದಕ್ಕುವುದು ತೀರಾ ಕಡಿಮೆ ಎಂದು ತಿಳಿಯಿರಿ. ನಮ್ಮ ಮೈಸೂರು, ಮಂಡ್ಯದಲ್ಲಿ ಡಿಸೆಂಬರಿನಲ್ಲೂ ಹನ್ನೊಂದರಿಂದ ಎರಡರವರೆಗೆ ನೆರಳು ಗಿಡ್ಡವಾಗಿಯೇ ಇರುತ್ತದೆ. ಆ ಹೊತ್ತಿಗೆ ನಾವು ಹೆಬ್ಬಾಳದ ಕಾರ್ಖಾನೆಯ ಒಳಗೋ, ಕಚೇರಿಯ ಕಿಟಕಿಯ ಹಿಂದೋ ಕುಳಿತಿರುತ್ತೇವೆ. ಕಿಟಕಿಯ ಗಾಜು ಯುವಿ-ಬಿಯನ್ನು ಒಳಗೆ ಬಿಡುವುದಿಲ್ಲ.

‘ನಾವು ಮುದ್ದೆ ಉಣ್ಣುವವರು, ನಮಗೇನು ಕೊರತೆ?’ ಎಂದು ಮಂಡ್ಯದ ನೆಂಟರು ಕೇಳುತ್ತಾರೆ. ರಾಗಿಯಲ್ಲಿರುವುದು ಕ್ಯಾಲ್ಸಿಯಂ, ನೂರು ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು. ಆ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಚೆನ್ನಾಗಿ ಸೇರಬೇಕಾದರೆ ವಿಟಮಿನ್ ಡಿ ಬೇಕು. ಅದು ರಾಗಿಯಲ್ಲಿ ಇಲ್ಲ.

ಈಗ ನನ್ನನ್ನು ನಿಜವಾಗಿ ಕಾಡುವ ಮಾತಿಗೆ ಬರುತ್ತೇನೆ. ಪೂರ್ತಿ ದೇಹದ ತಪಾಸಣೆ ಎಂದು ರಕ್ತ ಕೊಟ್ಟು ಬರುತ್ತೇವೆ. ವರದಿಯಲ್ಲಿ ಎರಡು ಕಡೆ ಕೆಂಪು ಗುರುತು: ಸಕ್ಕರೆ ಗಡಿಯಲ್ಲಿದೆ, ವಿಟಮಿನ್ ಡಿ 20ಕ್ಕಿಂತ ಕಡಿಮೆ. ಎರಡೂ ಒಟ್ಟಿಗೇ ಬಂದಿವೆ, ಡಿ ಸರಿಹೋದರೆ ಸಕ್ಕರೆಯೂ ಇಳಿಯುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಈ ಲೆಕ್ಕ ಪೂರ್ತಿ ದಡ್ಡತನವಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳಲ್ಲಿ ವಿಟಮಿನ್ ಡಿ ಬಂದು ಕೂರುವ ಜಾಗವಿದೆ. ವಿಜ್ಞಾನಿಗಳೂ ಇದೇ ಆಸೆಯಿಂದ ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ನಡೆಸಿದರು. ಫಲಿತಾಂಶ 2019ರಲ್ಲಿ ಬಂತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 2,423 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 4,000 ಯೂನಿಟ್ ಡಿ, ಉಳಿದವರಿಗೆ ಬರೀ ಹುಸಿಮಾತ್ರೆ. ಸುಮಾರು ಎರಡೂವರೆ ವರ್ಷದ ಹೊತ್ತಿಗೆ ಡಿ ನುಂಗಿದವರಲ್ಲಿ 293 ಮಂದಿಗೆ, ನುಂಗದವರಲ್ಲಿ 323 ಮಂದಿಗೆ ಕಾಯಿಲೆ ಬಂದಿತ್ತು. ಮಾತ್ರೆಯಿಂದಲೇ ಆಯಿತು ಎನ್ನಲು ಈ ಅಂತರ ಸಾಲದು. ಇಂಥ ಮೂರು ಪ್ರಯೋಗಗಳನ್ನು ಒಟ್ಟಿಗಿಟ್ಟು 2023ರಲ್ಲಿ ನೋಡಿದಾಗ ಅಪಾಯ ಶೇ. 15ರಷ್ಟು ತಗ್ಗಿದ್ದು ಕಂಡಿತು. ಅದು ಹೊಸ್ತಿಲಲ್ಲಿರುವವರ ಮಾತು, ಎಲ್ಲರಿಗೂ ಅನ್ವಯಿಸುವುದಿಲ್ಲ.

ಹಾಗಾದರೆ ಎರಡೂ ಜೊತೆಯಾಗಿ ಬರುವುದೇಕೆ? ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಕೂತಷ್ಟೂ ಅದು ಅಲ್ಲೇ ಹಂಚಿಹೋಗಿ ರಕ್ತದಲ್ಲಿ ಕಡಿಮೆ ಕಾಣುತ್ತದೆ. ಮನೆಯಿಂದ ಸ್ಕೂಟರ್, ಸ್ಕೂಟರಿನಿಂದ ಕುರ್ಚಿ, ಕುರ್ಚಿಯಿಂದ ಮತ್ತೆ ಮನೆ: ಈ ಒಂದೇ ಬದುಕು ಸಕ್ಕರೆಯನ್ನು ಏರಿಸುತ್ತದೆ, ಡಿಯನ್ನೂ ಇಳಿಸುತ್ತದೆ. ಮಾತ್ರೆ ವರದಿಯಲ್ಲಿನ ಡಿ ಅಂಕಿಯನ್ನು ಏರಿಸಬಲ್ಲದು. ಕುರ್ಚಿಯಿಂದ ನಮ್ಮನ್ನು ಎಬ್ಬಿಸಲಾರದು.

ಕೊರತೆ ನಿಜವಾಗಿ ಇದ್ದವರಿಗೆ ಮಾತ್ರೆ ಬೇಕೇ ಬೇಕು. ಮೂಳೆ ಮೆತ್ತಗಾಗಿ, ತೊಡೆಯಲ್ಲಿ ಬಲವಿಲ್ಲದೆ ನೆಲದಿಂದ ಏಳಲಾಗದವರು ಅದರಿಂದ ಎದ್ದು ಓಡಾಡಿದ್ದಾರೆ. ನನ್ನ ಸಿಟ್ಟು ಅದನ್ನು ಹಂಚುವ ರೀತಿಯ ಮೇಲೆ. ಮಂಡ್ಯದಲ್ಲಿರುವ ನನ್ನ ಚಿಕ್ಕಮ್ಮನಿಗೆ ವಾರಕ್ಕೊಂದರಂತೆ 60,000 ಯೂನಿಟ್‌ನ ಮಾತ್ರೆ ಬರೆದುಕೊಟ್ಟಿದ್ದರು. ಬಿಡಿಸಿ ಹೇಳುವವರಿರಲಿಲ್ಲ. ಚಿಕ್ಕಮ್ಮ ಬಿ.ಪಿ. ಮಾತ್ರೆಯ ಜೊತೆಯಲ್ಲೇ ದಿನಕ್ಕೊಂದರಂತೆ ಎರಡು ತಿಂಗಳು ನುಂಗಿದರು. ವಾಂತಿ, ತೀರದ ಬಾಯಾರಿಕೆ, ಮಲಬದ್ಧತೆ, ಕೊನೆಗೆ ಮಾತು ತಡವರಿಸತೊಡಗಿತು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಆಸ್ಪತ್ರೆಯ ಹಾಸಿಗೆಯ ಮೇಲೂ ‘ವಿಟಮಿನ್ ತಾನೆ ಮಗಾ, ಹೆಚ್ಚಾದರೆ ಏನಾಗುತ್ತದೆ ಅಂದುಕೊಂಡೆ’ ಎಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್ ಎನ್ನುತ್ತದೆ ನಮ್ಮ ದೇಶದ ಶಿಫಾರಸು. ಚಿಕ್ಕಮ್ಮ ಅದರ ನೂರರಷ್ಟನ್ನು ದಿನವೂ ನುಂಗಿದ್ದರು.

ಈಗ ಅವರು ಚೇತರಿಸಿಕೊಂಡಿದ್ದಾರೆ. ಹನ್ನೊಂದೂವರೆಗೆ ತಾರಸಿಯಲ್ಲಿ ಸಂಡಿಗೆ ಒಣಹಾಕಿ, ತಲೆಗೆ ಸೆರಗು ಹೊದ್ದು, ತೋಳು ಬಿಸಿಲಿಗೆ ಬಿಟ್ಟು ಕಾಲು ಗಂಟೆ ಕೂರುತ್ತಾರೆ. ಊಟವಾದ ಮೇಲೆ ಬೀದಿಯ ತುದಿಯವರೆಗೆ ಎರಡು ಸಲ ನಡೆಯುತ್ತಾರೆ. ಸಕ್ಕರೆಯನ್ನು ತಗ್ಗಿಸುವುದು ಅಂಥ ನಡಿಗೆ. ನಿಮ್ಮ ಮನೆಯಲ್ಲೂ ಅಪ್ಪನ ಔಷಧಿ ಡಬ್ಬಿಯಲ್ಲಿ, ಅಮ್ಮನ ದಿಂಬಿನ ಬದಿಯಲ್ಲಿ ಆ ಅರವತ್ತು ಸಾವಿರದ ಮಾತ್ರೆ ಇರಬಹುದು. ಈ ಮಾತು ಮುಗಿದ ಕೂಡಲೇ ಎದ್ದು ಹೋಗಿ ನೋಡಿ. ದಿನಕ್ಕೆಷ್ಟು, ವಾರಕ್ಕೆಷ್ಟು, ಎಷ್ಟು ವಾರ ಎಂದು ವೈದ್ಯರನ್ನು ಕೇಳಿ, ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅದರ ಮೇಲೆ ಅಂಟಿಸಿ.